ಪ್ರತಿದಿನವೂ ಪರೀಕ್ಷೆಯಾದರೆ ಓಡುವುದೆಂತು?

ಓದುಗರ ಪ್ರಶ್ನೆಗಳು: ಈ ಬಾರಿ ಮ್ಯಾರಥಾನ್‌ಗೆ ಮರಳುವವರು

ಪ್ರಶ್ನೆ: ನನಗೆ 41 ವರ್ಷ. ಐದು ವರ್ಷಗಳ ಹಿಂದೆ ಮೊದಲ ಮ್ಯಾರಥಾನನ್ನು 4 ಗಂಟೆ 27 ನಿಮಿಷಗಳಲ್ಲಿ ಮುಗಿಸಿದ್ದೆ. ಎರಡನೆಯದಕ್ಕೆ ಏಳು ವಾರಗಳು ಉಳಿದಿದ್ದಾಗ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್ (ಪದೇ ಪದೇ ಬೀಳುವ ಭಾರದಿಂದಾಗುವ ಸಣ್ಣ ಬಿರುಕು) ಆಯಿತು. ಗುಣವಾದ ಮೇಲೆ ಕಳೆದ ವರ್ಷ ಮತ್ತೆ ಹೊರಟೆ. ಮೊದಲ 10 ಕಿ.ಮೀ.ಗಳನ್ನು ಕಿಲೋಮೀಟರಿಗೆ 5 ನಿಮಿಷ 50 ಸೆಕೆಂಡಿನಂತೆ ಓಡಿದೆ, 34ನೇ ಕಿ.ಮೀ.ನಲ್ಲಿ ಕಾಲುಗಳು ಮಾತು ಕೇಳದೆ ರಸ್ತೆಯ ಬದಿಯಲ್ಲಿ ಕುಳಿತು, ಆಯೋಜಕರ ವಾಹನದಲ್ಲಿ ವಾಪಸಾದೆ. ಈಗ ಪುನಃ ಹೆಸರು ನೋಂದಾಯಿಸಿದ್ದೇನೆ. 20 ವಾರಗಳಿವೆ, ಸದ್ಯಕ್ಕೆ ಒಂದೇ ಸಲಕ್ಕೆ 10 ಕಿ.ಮೀ. ಓಡಬಲ್ಲೆ. ಆದರೆ ಪ್ರತಿದಿನವೂ ಓಟ ಮುಗಿಸಿ ಗಡಿಯಾರ ನೋಡಿದಾಗ, ಹಿಂದೆ ಇದ್ದ ನನಗಿಂತ ಈಗಿನ ನಾನು ಎಷ್ಟು ನಿಧಾನ ಎಂಬುದಷ್ಟೇ ಕಾಣುತ್ತದೆ. ಓಟದಲ್ಲಿ ಮೊದಲಿನ ಖುಷಿ ಇಲ್ಲ. ಬಿಟ್ಟುಬಿಡಲೇ?

ಉತ್ತರ: ಬಿಡುವ ಮಾತನ್ನು ಕೊನೆಗೆ ನೋಡೋಣ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಪ್ರತಿದಿನವೂ' ಎಂಬ ಪದ. ಮ್ಯಾರಥಾನ್ ಒಂದು ದಿನದ ಪರೀಕ್ಷೆ. ನೀವು ಅದನ್ನು ವಾರವಿಡೀ ಬರೆಯುತ್ತಿದ್ದೀರಿ, ಅದೂ ಐದು ವರ್ಷಗಳ ಹಿಂದಿನ ನಿಮ್ಮನ್ನೇ ಮೇಲ್ವಿಚಾರಕಿಯಾಗಿ ಎದುರಿಗೆ ಕೂರಿಸಿಕೊಂಡು. ಹೀಗೆ ಓಡಿದರೆ ಎಂಥವರಿಗೂ ಖುಷಿ ಉಳಿಯುವುದಿಲ್ಲ. ಗಾಯವಂತೂ ಬೇಗನೆ ಬರುತ್ತದೆ. ಈ ಎರಡೂ ತೊಂದರೆಗಳ ಬೇರು ಒಂದೇ ಆಗಿರುವುದರಿಂದ ಮೊದಲು ಗಾಯದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಿಡುವಿನ ನಂತರ ಓಟಕ್ಕೆ ಮರಳಿದವರ ದೇಹದಲ್ಲಿ ಎಲ್ಲ ಅಂಗಗಳೂ ಒಟ್ಟಿಗೆ ಮರಳುವುದಿಲ್ಲ. ಓಟ ನಿಲ್ಲಿಸಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಕಡಿಮೆಯಾಗುತ್ತದೆ; ಮತ್ತೆ ಓಡತೊಡಗಿದಾಗ ಅದು ಅಷ್ಟೇ ಬೇಗ ತುಂಬಿಕೊಳ್ಳುತ್ತದೆ. ಹಾಗಾಗಿ ಮೂರು ನಾಲ್ಕು ವಾರಗಳಲ್ಲಿ ಏದುಸಿರು ಇಳಿದು, 'ನಾನು ಮೊದಲಿನಂತಾದೆ' ಎಂಬ ಭಾವನೆ ಬರುತ್ತದೆ. ಮೂಳೆಯ ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಮೂಳೆಯು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ ತೆಗೆಯುತ್ತದೆ, ಇದಕ್ಕೆ ಕೆಲವು ವಾರಗಳು ಸಾಕು; ಆ ಜಾಗದಲ್ಲಿ ಹೊಸ ಮೂಳೆ ಕೂತು ಗಟ್ಟಿಯಾಗಲು ಮೂರು ನಾಲ್ಕು ತಿಂಗಳುಗಳು ಬೇಕು. ಅಂದರೆ ನಿಮ್ಮ ಉಸಿರು 'ಇನ್ನಷ್ಟು ಓಡು' ಎಂದು ಹುರಿದುಂಬಿಸುವ ಹೊತ್ತಿಗೆ ಸರಿಯಾಗಿ ಮೂಳೆ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ. ಹಳೆಯ ವೇಗದ ನೆನಪಿರುವವರು ಈ ಬಲೆಗೆ ಹೊಸಬರಿಗಿಂತ ಸುಲಭವಾಗಿ ಬೀಳುತ್ತಾರೆ. ಹೊಸಬರಿಗೆ ಹೋಲಿಸಿಕೊಳ್ಳಲು ಏನೂ ಇರುವುದಿಲ್ಲ, ಅದು ಅವರ ಭಾಗ್ಯ.

ಆದ್ದರಿಂದ ಆ ಕಾಲಿನ ಮೂಳೆಯ ಮೇಲೆ ಬೆರಳ ತುದಿಯಿಂದ ಒತ್ತಿದಾಗ ಒಂದೇ ಬಿಂದುವಿನಲ್ಲಿ ನೋವು ಕಂಡರೆ ಅಂದಿನಿಂದಲೇ ಓಟ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಸ್ನಾಯುಗಳ ನೋವಿನ ಬಗ್ಗೆ ಹತ್ತಕ್ಕೆ ಮೂರರಷ್ಟಿದ್ದರೆ ಓಡಬಹುದು ಎಂಬ ಮಾತು ಬಳಕೆಯಲ್ಲಿದೆ. ಮೂಳೆಗೆ ಆ ರಿಯಾಯಿತಿ ಇಲ್ಲ. ಇನ್ನೊಂದು ವಿಷಯವನ್ನು ನೀವು ಬರೆದಿಲ್ಲವಾದರೂ ಕೇಳಲೇಬೇಕು: ಗಾಯವಾದ ಆ ತಿಂಗಳುಗಳಲ್ಲಿ ತೂಕ ಇಳಿಸಲೆಂದು ಊಟ ಕಡಿಮೆ ಮಾಡಿದ್ದಿರಾ, ಮುಟ್ಟು ತಪ್ಪಿತ್ತೇ? ಓಟಕ್ಕೆ ಬೇಕಾದಷ್ಟು ಆಹಾರ ಸಿಗದಿದ್ದಾಗ ದೇಹವು ಹಾರ್ಮೋನುಗಳ ಕೆಲಸದಲ್ಲಿ ಮಿತವ್ಯಯ ಮಾಡುತ್ತದೆ, ಅದರ ಪೆಟ್ಟು ಮೂಳೆಗೆ ಬೀಳುತ್ತದೆ. ಮುಟ್ಟು ತಪ್ಪುವುದನ್ನು 'ಚೆನ್ನಾಗಿ ತರಬೇತಿ ಆಗುತ್ತಿದೆ' ಎಂಬುದರ ಗುರುತೆಂದು ತಿಳಿದವರನ್ನು ನಾನು ಕಂಡಿದ್ದೇನೆ. ಅದು ಎಚ್ಚರಿಕೆಯ ಗಂಟೆ. ವೈದ್ಯರ ಬಳಿ ಹೋದಾಗ ವಿಟಮಿನ್ ಡಿ ಮತ್ತು ಕಬ್ಬಿಣಾಂಶದ ಪರೀಕ್ಷೆಯ ಬಗ್ಗೆಯೂ ಕೇಳಿರಿ.

ಈಗ 34ನೇ ಕಿ.ಮೀ. 4 ಗಂಟೆ 27 ನಿಮಿಷವೆಂದರೆ ಕಿಲೋಮೀಟರಿಗೆ ಸುಮಾರು 6 ನಿಮಿಷ 20 ಸೆಕೆಂಡು. ನೀವು 5 ನಿಮಿಷ 50 ಸೆಕೆಂಡಿನಂತೆ ಹೊರಟಿರಿ, ಮೊದಲ 10 ಕಿ.ಮೀ.ಗಳಲ್ಲಿ ಐದು ನಿಮಿಷ ಗಳಿಸಿದಿರಿ. ಆ ಐದು ನಿಮಿಷಕ್ಕೆ ತೆತ್ತ ಬೆಲೆಯೇ ರಸ್ತೆಯ ಬದಿಯ ಆ ಜಾಗ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಕಾರ್ಬೋಹೈಡ್ರೇಟಿನ ದಾಸ್ತಾನು, ಸುಮಾರು 2,000 ಕ್ಯಾಲೊರಿಗಳಷ್ಟು. 60 ಕಿಲೋ ತೂಕದವರು 42.195 ಕಿ.ಮೀ. ಓಡಲು ಬೇಕಾಗುವುದು ಸುಮಾರು 2,500. ಉಳಿದದ್ದನ್ನು ಕೊಬ್ಬು ಪೂರೈಸಬೇಕು, ಮತ್ತು ಅದು ನಿಧಾನವಾಗಿ ಉರಿಯುವ ಇಂಧನ. ವೇಗ ಹೆಚ್ಚಿದಷ್ಟೂ ದೇಹವು ಕೊಬ್ಬನ್ನು ಬಿಟ್ಟು ಗ್ಲೈಕೋಜನ್ನಿಗೇ ಕೈಹಾಕುತ್ತದೆ. ಅನೇಕರು 30ರಿಂದ 35 ಕಿ.ಮೀ.ಗಳ ನಡುವೆ ಗೋಡೆಗೆ ಬಡಿದಂತೆ ನಿಲ್ಲುವುದು ಇದರಿಂದಲೇ. ನಿಮ್ಮ ಮನೋಬಲದಲ್ಲಿ ಕೊರತೆ ಇತ್ತೆಂದು ಹೇಳಲು ನಿಮ್ಮ ಪತ್ರದಲ್ಲಿ ಒಂದೇ ಒಂದು ಆಧಾರವೂ ನನಗೆ ಸಿಗಲಿಲ್ಲ. ಲೆಕ್ಕ ತಪ್ಪಿತ್ತು, ಅಷ್ಟೆ. ಈ ಸಲ ಮೊದಲ 10 ಕಿ.ಮೀ.ಗಳು ಬೇಸರ ಬರುವಷ್ಟು ನಿಧಾನವಾಗಿರಲಿ, ಮತ್ತು ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸುವುದನ್ನು ಉದ್ದದ ಓಟಗಳಲ್ಲೇ ಅಭ್ಯಾಸ ಮಾಡಿಕೊಳ್ಳಿರಿ. ಸ್ಪರ್ಧೆಯ ದಿನ ಹೊಟ್ಟೆಗೆ ಹೊಸದನ್ನು ಪರಿಚಯಿಸಬೇಡಿರಿ.

20 ವಾರಗಳು ಸಾಕೇ? ಸಾಕು, ಆದರೆ ಸಡಿಲವಿಲ್ಲ. ಕೊನೆಯ ಮೂರು ವಾರಗಳು ಓಟವನ್ನು ಇಳಿಸುವುದಕ್ಕೆ ಮೀಸಲು. ಉಳಿದ 17ರಲ್ಲಿ ಪ್ರತಿ ನಾಲ್ಕನೆಯ ವಾರವನ್ನು ಹಗುರವಾಗಿಟ್ಟರೆ ಏರಿಸಲು 13 ವಾರಗಳು ಸಿಗುತ್ತವೆ. ಯಾವುದೇ ಒಂದು ಓಟವು ಅದರ ಹಿಂದಿನ ಒಂದು ತಿಂಗಳ ಅತಿ ಉದ್ದದ ಓಟಕ್ಕಿಂತ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಉದ್ದವಿರಬಾರದೆಂಬುದು ನಾನು ಪಾಲಿಸುವ ಕಟ್ಟುಪಾಡು. ಹಾಗೆ 10 ಕಿ.ಮೀ.ನಿಂದ ಹೊರಟು, ನಡುವೆ ನೆಗಡಿ, ನೆಂಟರು, ಕಚೇರಿಯ ಕೆಲಸವೆಂದು ಒಂದೆರಡು ವಾರಗಳು ಕೈತಪ್ಪಿದರೂ, ನಿಮ್ಮ ಅತಿ ಉದ್ದದ ಓಟ 28ರಿಂದ 31 ಕಿ.ಮೀ. ತಲುಪುತ್ತದೆ. ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ವಾರಕ್ಕೆರಡು ಸಲ ಕಾಲಿನ ಬಲವರ್ಧನೆಯ ವ್ಯಾಯಾಮವನ್ನು, ವಿಶೇಷವಾಗಿ ಹಿಮ್ಮಡಿ ಎತ್ತಿ ಇಳಿಸುವುದನ್ನು, ಬಿಡಬೇಡಿರಿ. ಮೀನಖಂಡ ಗಟ್ಟಿಯಾಗಿದ್ದರೆ ಮೂಳೆಗೆ ಬೀಳುವ ಬಾಗುವಿಕೆಯ ಒತ್ತಡವನ್ನು ಅದು ಹಂಚಿಕೊಳ್ಳುತ್ತದೆ.

ಇನ್ನು ಖುಷಿ. ಇದಕ್ಕೆ ನನ್ನ ಸಲಹೆ ತೀರ ಸಪ್ಪೆಯೆನಿಸಬಹುದು: ಮುಂದಿನ ಆರು ವಾರಗಳ ಕಾಲ ಐದರಲ್ಲಿ ನಾಲ್ಕು ಓಟಗಳನ್ನು ಪೂರ್ಣ ವಾಕ್ಯಗಳಲ್ಲಿ ಮಾತಾಡಬಲ್ಲಷ್ಟು ನಿಧಾನವಾಗಿ ಓಡಿರಿ. ಅದು ನಿಮ್ಮ ಮ್ಯಾರಥಾನ್ ವೇಗಕ್ಕಿಂತ ಕಿಲೋಮೀಟರಿಗೆ ಒಂದು ನಿಮಿಷಕ್ಕೂ ಹೆಚ್ಚು ನಿಧಾನವಾಗಿರಬಹುದು, ಇರಲಿ. ಗಡಿಯಾರ ಮನೆಯಲ್ಲೇ ಇರಲಿ. ದಾರಿಯ ಉದ್ದ ನಿಮಗೆ ಹೇಗೂ ಗೊತ್ತಿರುತ್ತದೆ. ಮೊದಲ ಕೆಲವು ದಿನ ಇದು ಓಟವೇ ಅಲ್ಲವೆನಿಸುತ್ತದೆ, ಯಾರೋ ನೋಡಿ ನಗುತ್ತಾರೆಂಬ ಅಳುಕೂ ಇರುತ್ತದೆ. ನಾನೂ ಒಮ್ಮೆ ಅರ್ಧದಲ್ಲಿ ಓಟ ಬಿಟ್ಟು ಬಂದವರ ಪೈಕಿ. ಆ ಮೇಲಿನ ಎಂಟು ತಿಂಗಳು ಪ್ರತಿ ಓಟದಲ್ಲೂ ಆ ದಿನಕ್ಕೆ ಉತ್ತರ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಗಡಿಯಾರದ ಬ್ಯಾಟರಿ ಮುಗಿದಿತ್ತು. ಬೈದುಕೊಂಡೇ ಹೊರಟವನು, ಎಷ್ಟೋ ದೂರ ಹೋದ ಮೇಲೆ ನನ್ನ ಹೆಜ್ಜೆಯ ಸದ್ದು ಒಂದೇ ಲಯದಲ್ಲಿ ಬೀಳುತ್ತಿರುವುದನ್ನು ಕೇಳಿಸಿಕೊಂಡೆ. ಅದಕ್ಕೆ ಮುಂಚೆ ಅದು ಕೇಳಿಸಿದ್ದು ಯಾವಾಗ ಎಂದು ನೆನಪಾಗಲಿಲ್ಲ. ಮನೆಗೆ ಬಂದು ಎಷ್ಟು ನಿಮಿಷವಾಯಿತೆಂದು ಗೋಡೆಯ ಗಡಿಯಾರ ನೋಡಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅಭ್ಯಾಸ ಒಂದೇ ದಿನದಲ್ಲಿ ಹೋಗುವುದಿಲ್ಲ.

ಅರ್ಧದಲ್ಲಿ ನಿಲ್ಲುವುದನ್ನು ಅವಮಾನವೆಂದುಕೊಳ್ಳುವವರು 2004ರ ಅಥೆನ್ಸ್ ಒಲಿಂಪಿಕ್ಸನ್ನು ನೆನೆಯಬಹುದು. ಆಗಿನ ವಿಶ್ವದಾಖಲೆಯ ಒಡತಿ ಪೌಲಾ ರ‍್ಯಾಡ್‌ಕ್ಲಿಫ್ ಸುಮಾರು 36 ಕಿ.ಮೀ. ಓಡಿ ರಸ್ತೆಯ ಬದಿಯಲ್ಲಿ ಅಳುತ್ತ ಕುಳಿತದ್ದನ್ನು ಜಗತ್ತೇ ನೋಡಿತು; ಅದೇ ವರ್ಷದ ನವೆಂಬರಿನಲ್ಲಿ ಅವರು ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು, ಮರುವರ್ಷ ವಿಶ್ವ ಚಾಂಪಿಯನ್ ಆದರು. ಎರಡು ಬಾರಿ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದಿದ್ದ ಎಲಿಯುಡ್ ಕಿಪ್ಚೋಗೆಯಂಥವರೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 30 ಕಿ.ಮೀ. ದಾಟಿದ ಮೇಲೆ ನಿಂತರು. ಈ ಉದಾಹರಣೆಗಳಿಂದ ನೀವು ತೆಗೆದುಕೊಳ್ಳಬೇಕಾದದ್ದು ಸಮಾಧಾನವನ್ನು ಮಾತ್ರ; ಎರಡೂವರೆ ತಿಂಗಳಲ್ಲಿ ಮತ್ತೊಂದು ಮ್ಯಾರಥಾನ್ ಓಡುವುದು ಅವರ ಉದ್ಯೋಗ.

ಬಿಟ್ಟುಬಿಡಲೇ ಎಂದು ಕೇಳಿದ್ದಿರಿ. ಆರು ವಾರಗಳ ನಂತರವೂ ಬೂಟಿನ ದಾರ ಕಟ್ಟುವಾಗ ಮನಸ್ಸು ಭಾರವಾಗುತ್ತಿದ್ದರೆ ಈ ವರ್ಷದ ಮ್ಯಾರಥಾನನ್ನು ಖಂಡಿತ ಬಿಡಿರಿ, ಓಟವನ್ನು ಇಟ್ಟುಕೊಳ್ಳಿರಿ. 10 ಕಿ.ಮೀ. ಓಡಬಲ್ಲ ಕಾಲುಗಳು ನಿಮ್ಮಲ್ಲಿವೆ. ಅವನ್ನು 42 ಕಿ.ಮೀ. ಓಡಿಸಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಪ್ರಶ್ನೆ: ನನಗೆ 58. ಮಂಡಿಚಿಪ್ಪಿನ ಸುತ್ತ ನೋವಿನಿಂದಾಗಿ ಎರಡು ವರ್ಷ ಓಡಿರಲಿಲ್ಲ. ಫಿಸಿಯೋಥೆರಪಿಸ್ಟ್ ಈಗ ಓಡಬಹುದೆಂದಿದ್ದಾರೆ. ಓಟದ ನಡುವೆ ನಡೆಯುವಂತೆಯೂ ಹೇಳಿದ್ದಾರೆ. ಹಿಂದೆ ಆರು ಮ್ಯಾರಥಾನ್ ಓಡಿದವನು ನಡೆದುಕೊಂಡು ಹೋದರೆ ಅದು ಓಟವಾದೀತೇ? ಈ ವಯಸ್ಸಿನಲ್ಲಿ ಮಂಡಿ ಸವೆಯುವುದಿಲ್ಲವೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು. ಹವ್ಯಾಸಕ್ಕಾಗಿ ಓಡುವವರ ಮಂಡಿಗಳು ಓಡದೆ ಕುಳಿತವರ ಮಂಡಿಗಳಿಗಿಂತ ಹೆಚ್ಚು ಸವೆಯುತ್ತವೆಂಬುದನ್ನು ಅಧ್ಯಯನಗಳು ಸಮರ್ಥಿಸುವುದಿಲ್ಲ. ನಿಮ್ಮದು ಮಂಡಿಚಿಪ್ಪಿನ ಸುತ್ತಲಿನ ನೋವಾದ್ದರಿಂದ ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವುದು ಮುಖ್ಯ. ಜೊತೆಗೆ, ಅದೇ ವೇಗದಲ್ಲಿ ಹೆಜ್ಜೆಯನ್ನು ತುಸು ಚಿಕ್ಕದಾಗಿಸಿ, ನಿಮಿಷಕ್ಕೆ ಬೀಳುವ ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ 5ರಿಂದ 10ರಷ್ಟು ಹೆಚ್ಚಿಸಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಇಳಿಜಾರಿನಲ್ಲಿ ಓಡುವುದನ್ನು ಸದ್ಯಕ್ಕೆ ಮುಂದೂಡಿರಿ.

ನಡಿಗೆಯ ವಿಷಯ. ಓಟದ ನಡುವೆ ನಡೆಯುವ ಕ್ರಮವನ್ನು ಜನಪ್ರಿಯಗೊಳಿಸಿದ ಜೆಫ್ ಗ್ಯಾಲೊವೇ 1972ರ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ್ದವರು. ಓಡಲು ಬಾರದೆ ನಡೆದವರಲ್ಲ. ಈ ಕ್ರಮದ ಗುಟ್ಟು ಸುಸ್ತಾಗುವ ಮೊದಲೇ ನಡೆಯುವುದರಲ್ಲಿದೆ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಮೊದಲ ಕಿಲೋಮೀಟರಿನಿಂದಲೇ ಆರಂಭಿಸಬೇಕು; 25 ಕಿ.ಮೀ.ವರೆಗೆ ಹಟದಿಂದ ಓಡಿ ಅನಂತರ ಕಾಲೆಳೆಯುವುದು ಈ ಕ್ರಮವಲ್ಲ. ಹಾಗೆ ಹಂಚಿಕೊಂಡು ಓಡಿದವರು ಕೊನೆಯ 10 ಕಿ.ಮೀ.ಗಳಲ್ಲಿ, ತಮ್ಮನ್ನು ಬೆಳಿಗ್ಗೆ ಹಿಂದೆ ಹಾಕಿದ್ದವರನ್ನು ಒಬ್ಬೊಬ್ಬರಾಗಿ ದಾಟುವುದನ್ನು ನೀವೂ ನೋಡಿರಬಹುದು. ಒಂದು ಸಣ್ಣ ಸೂಚನೆ: ನಡೆಯಲು ಆರಂಭಿಸುವ ಮುನ್ನ ರಸ್ತೆಯ ಬದಿಗೆ ಸರಿಯಿರಿ, ಹಿಂದಿನವರು ಡಿಕ್ಕಿ ಹೊಡೆಯದಿರಲಿ.

ವಯಸ್ಸಿನ ಮಾತು ಬಂದದ್ದರಿಂದ ಹೇಳುತ್ತೇನೆ. ಪಾಸ್‌ಪೋರ್ಟಿನ ಪ್ರಕಾರ 1911ರಲ್ಲಿ ಹುಟ್ಟಿದ ಫೌಜಾ ಸಿಂಗ್, ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟ ಹಿಡಿದು, 2000ದಲ್ಲಿ ಲಂಡನ್‌ನಲ್ಲಿ ತಮ್ಮ ಮೊದಲ ಮ್ಯಾರಥಾನ್ ಓಡಿದರು. 2011ರಲ್ಲಿ ಟೊರಾಂಟೊ ಮ್ಯಾರಥಾನನ್ನು ಎಂಟು ಗಂಟೆಗಳಿಗೂ ಹೆಚ್ಚು ಸಮಯ ತೆಗೆದುಕೊಂಡು ಮುಗಿಸಿದರು. ಎಂಟು ಗಂಟೆಗಳಲ್ಲಿ ಅವರು ಎಷ್ಟು ದೂರ ನಡೆದರೆಂದು ಯಾರೂ ಕೇಳಿದಂತಿಲ್ಲ.

ಪ್ರಶ್ನೆ: ಮ್ಯಾರಥಾನ್‌ಗೆ ಒಂಬತ್ತು ವಾರಗಳಿರುವಾಗ ವೈರಲ್ ಜ್ವರ ಬಂದು ಹತ್ತು ದಿನ ಮಲಗಿದ್ದೆ. ತಪ್ಪಿಹೋದ ಓಟಗಳನ್ನು ಸರಿದೂಗಿಸುವುದು ಹೇಗೆ?

ಉತ್ತರ: ಸರಿದೂಗಿಸಬಾರದು. ತಪ್ಪಿದ ಓಟಗಳು ಸಾಲವಲ್ಲ. ಮಾತ್ರೆಯ ನೆರವಿಲ್ಲದೆ ಜ್ವರ ಬಿಟ್ಟಿರಬೇಕು, ಬೆಳಿಗ್ಗೆ ಎದ್ದಾಗಿನ ನಾಡಿಬಡಿತ ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ಮೆಟ್ಟಿಲು ಹತ್ತಿದರೆ ದಣಿವಾಗಬಾರದು. ಇಷ್ಟಾದ ಮೇಲೆ ಕೆಲವು ದಿನ ನಡಿಗೆ, ಅನಂತರ ಅರ್ಧ ಗಂಟೆಯ ಹಗುರ ಓಟ. ವೈರಲ್ ಸೋಂಕು ಕೆಲವೊಮ್ಮೆ ಹೃದಯದ ಸ್ನಾಯುವಿನ ಉರಿಯೂತಕ್ಕೆ ಕಾರಣವಾಗುತ್ತದೆ, ಮತ್ತು ಆ ಸ್ಥಿತಿಯಲ್ಲಿ ಓಡುವುದು ಪ್ರಾಣಕ್ಕೆ ಅಪಾಯ. ಎದೆನೋವು, ಎದೆ ಹೊಡೆದುಕೊಳ್ಳುವುದು, ತಲೆಸುತ್ತಿ ಬೀಳುವಂತಾಗುವುದು ಇವುಗಳಲ್ಲಿ ಒಂದು ಕಂಡರೂ ಓಟ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಿರಿ. ಹತ್ತು ದಿನಗಳ ಬಿಡುವಿನಿಂದ ನಷ್ಟವಾಗುವುದು ಅಲ್ಪ. ಅದನ್ನು ಎರಡು ವಾರಗಳಲ್ಲಿ ತುಂಬಿಸಲು ಹೊರಟವರು ಕಳೆದುಕೊಂಡದ್ದೇ ಹೆಚ್ಚು.

ಪ್ರಶ್ನೆ: ವಿಪರೀತ ಸೆಕೆಯ ದಿನ 26 ಕಿ.ಮೀ. ಓಡಿ, ತಲೆಸುತ್ತು ಬಂದು ಹಿಂದಿರುಗಿದೆ. ಜೊತೆಯ ಓಟಗಾರರ ಗುಂಪಿಗೆ ಹೇಳದೆ ಸೀದಾ ಮನೆಗೆ ಬಂದೆ. ಅಂದಿನಿಂದ ಅವರಿಗೆ ಮುಖ ತೋರಿಸಿಲ್ಲ. ಈಗ ಮತ್ತೆ ಓಡುವ ಆಸೆ. ಹೇಗೆ ಹೋಗಲಿ?

ಉತ್ತರ: ಹೇಳದೆ ಮನೆಗೆ ಹೋದವರಲ್ಲಿ ನಿಮಗಿಂತ ಬಹಳ ಹಿರಿಯರೊಬ್ಬರಿದ್ದಾರೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಮ್ಯಾರಥಾನ್ ನಡೆದದ್ದು ಸುಡು ಬಿಸಿಲಿನಲ್ಲಿ. ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ಮುಗಿಸಲಿಲ್ಲ. ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಜಾರೊ ಕುಸಿದು ಬಿದ್ದು ಮರುದಿನ ತೀರಿಕೊಂಡರು. ಜಪಾನಿನ ಶಿಜೊ ಕನಕುರಿ ಅರ್ಧ ದಾರಿ ಕಳೆದ ಮೇಲೆ ಬಳಲಿ ಓಟ ಬಿಟ್ಟರು. ದಾರಿ ಬದಿಯ ತೋಟವೊಂದರಲ್ಲಿ ಆಸರೆ ಪಡೆದು ಸುಧಾರಿಸಿಕೊಂಡು, ನಾಚಿಕೆಯಿಂದ ಅಧಿಕಾರಿಗಳಿಗೆ ತಿಳಿಸದೆ ತಮ್ಮ ದೇಶಕ್ಕೆ ಮರಳಿದರು. ಸ್ವೀಡನ್ನಿನ ದಾಖಲೆಗಳಲ್ಲಿ ಅವರು ಕಾಣೆಯಾದವರು. ಆದರೆ ಅವರು ಓಟ ಬಿಟ್ಟಿರಲಿಲ್ಲ. 1920ರ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಮುಗಿಸಿದರು, 1924ರಲ್ಲಿಯೂ ಓಡಿದರು. 1967ರಲ್ಲಿ ಸ್ವೀಡನ್ನಿನವರು ಆಹ್ವಾನಿಸಿದಾಗ, 75 ವರ್ಷದ ಕನಕುರಿ ಹೋಗಿ ತಮ್ಮ ಓಟವನ್ನು ಮುಗಿಸಿದರು. ಅವರ ಸಮಯ 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ ಮತ್ತು ಕೆಲವು ಸೆಕೆಂಡುಗಳೆಂದು ಘೋಷಿಸಲಾಯಿತು.

ತಲೆಸುತ್ತು ಬಂದ ಮೇಲೆ ಓಡದಿದ್ದುದು ಆ ದಿನ ನೀವು ಮಾಡಿದ ಅತ್ಯಂತ ಸರಿಯಾದ ಕೆಲಸ. ಯಾರಿಗೂ ತಿಳಿಸದೆ ಹೋದದ್ದು ಮಾತ್ರ ತಪ್ಪು. ನಿಮ್ಮನ್ನು ಹುಡುಕಿದವರು ಆತಂಕಪಟ್ಟಿರುತ್ತಾರೆ, ಅದಕ್ಕೆ ಕ್ಷಮೆ ಕೇಳಿರಿ. ಓಡದಿದ್ದುದಕ್ಕೆ ಕೇಳಬೇಡಿರಿ. ಗುಂಪಿನ ನಿಧಾನದ ಓಟವಿರುವ ದಿನ ನೋಡಿ ಹೋಗಿರಿ. ಎರಡನೆಯ ಕಿಲೋಮೀಟರಿನ ಹೊತ್ತಿಗೆ ಅವರಲ್ಲೊಬ್ಬರು ತಾವು ಅರ್ಧಕ್ಕೆ ಬಿಟ್ಟ ಓಟದ ಕಥೆ ತೆಗೆಯದಿದ್ದರೆ ನನಗೆ ಬರೆದು ತಿಳಿಸಿರಿ. ಮುಂದಿನ ಸಲ ಸೆಕೆಯಿದ್ದರೆ ಗುರಿಯ ಸಮಯವನ್ನು ಹೊರಡುವ ಮುನ್ನವೇ ಸಡಿಲಿಸಿರಿ, ಮತ್ತು ಹೆದರಿ ಪ್ರತಿ ನೀರಿನ ಮೇಜಿನಲ್ಲೂ ಲೋಟಗಟ್ಟಲೆ ಕುಡಿಯಬೇಡಿರಿ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಾಯಾರಿಕೆಯೇ ಸಾಕಷ್ಟು ಒಳ್ಳೆಯ ಅಳತೆ.

ಪ್ರಶ್ನೆ: ನಾನು ಓಡುವವನಲ್ಲ, ನನ್ನ ಪತ್ನಿ ಓಡುತ್ತಾಳೆ. ಕಳೆದ ಸಲ ಮುಗಿಸಲಾಗದೆ ಬಂದ ಮೇಲೆ ವಾರಗಟ್ಟಲೆ ಮೌನವಾಗಿದ್ದಳು. ಈಗ ಮತ್ತೆ ತಯಾರಿ ನಡೆಸಿದ್ದಾಳೆ. ನಾನೇನು ಮಾಡಬಹುದು?

ಉತ್ತರ: 'ಈ ಸಲ ಖಂಡಿತ ಮುಗಿಸುತ್ತೀಯ' ಎಂದು ಹೇಳುವುದನ್ನು ನಿಲ್ಲಿಸಿರಿ, ಪ್ರೀತಿಯಿಂದ ಆಡಿದ ಆ ಮಾತು ಅವರ ಬೆನ್ನಿನ ಮೇಲೆ ಇನ್ನೊಂದು ಹೊರೆಯಾಗುತ್ತದೆ. ಓಡಿ ಬಂದಾಗ ಎಷ್ಟು ಕಿ.ಮೀ., ಎಷ್ಟು ನಿಮಿಷ ಎಂದು ಕೇಳುವ ಬದಲು ದಾರಿಯಲ್ಲಿ ಏನು ನೋಡಿದೆ ಎಂದು ಕೇಳಿರಿ. ಉದ್ದದ ಓಟದ ದಿನ ಮನೆಯ ಕೆಲಸದಲ್ಲಿ ಅವರ ಪಾಲನ್ನೂ ನೀವೇ ಮಾಡಿರಿ, ಅದನ್ನು ಉಪಕಾರವೆಂದು ನೆನಪಿಸದೆ. ಸ್ಪರ್ಧೆಯ ದಿನ ಮುಕ್ತಾಯದ ಗೆರೆಯ ಬಳಿ ಜಾಗಕ್ಕಾಗಿ ನೂಕಾಡಬೇಡಿರಿ, ಅಲ್ಲಿ ಚಪ್ಪಾಳೆಗೆ ಬೇಕಾದಷ್ಟು ಜನರಿರುತ್ತಾರೆ. ನೀವು 32ನೇ ಕಿ.ಮೀ. ಹತ್ತಿರ, ದೂರದಿಂದಲೇ ಕಾಣುವ ಬಣ್ಣದ ಅಂಗಿ ತೊಟ್ಟು, ರಸ್ತೆಯ ಯಾವ ಬದಿಗೆ ನಿಂತಿರುತ್ತೀರೆಂದು ಹಿಂದಿನ ರಾತ್ರಿಯೇ ಹೇಳಿ ನಿಲ್ಲಿರಿ.